ಬಾಲ್ಕನಿ ಇಲ್ಲದ ಕೋಣೆ

ಎಸ್ಸೆನ್, ೯ ಸೆಪ್ಟೆಂಬರ್ ೧೯೭೮

ಪ್ರೀತಿಯ ಬುರ್ಗಾ ಅಕ್ಕನಿಗೆ,

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ಬಯ್ಯುವುದಿದ್ದರೆ ಕಾಗದ ಪೂರ್ತಿ ಓದಿ ಆಮೇಲೆ ಬೈ. ನಮ್ಮ ಯಜಮಾನರು ಲೋಥರ್ ಈ ಸಲ ಹಿಮದ ರಜೆಗೆ ನಮ್ಮೂರಿಗೇ ಹೋಗೋಣ ಅಂದಿದ್ದಾರೆ. ಡಿಸೆಂಬರ್ ಮೊದಲ ವಾರದಿಂದ ಹತ್ತು ದಿನ, ನೀನು ಕೆಲಸ ಮಾಡುವ ಗ್ಲೆಚರ್‌ಹೋಫ್ ಹೋಟೆಲಿನಲ್ಲೇ. ಅದರ ಬಣ್ಣದ ಪುಸ್ತಕ ತರಿಸಿಕೊಂಡೆವು. ಇನ್ನೂರ ಹತ್ತು ಕೋಣೆಯಂತೆ, ಬಿಸಿನೀರಿನ ಈಜುಕೊಳವಂತೆ, ಬಾಗಿಲಲ್ಲೇ ತಂತಿಗೆ ತೂಗುವ ಕುರ್ಚಿ ಹತ್ತಿದರೆ ನೇರ ಶಿಖರಕ್ಕಂತೆ. ದಿನಾ ಒಂದು ಪುಟ ನೋಡುತ್ತೇನೆ, ಮುಗಿದು ಹೋಗಬಾರದು ಅಂತ.

ನೀನು ಅಲ್ಲೇ ಇರುವವಳು, ಕೋಣೆ ಆರಿಸಿಕೊಡು. ಬಾಲ್ಕನಿ ಬೇಡ. ಎರಡನೇ ಅಂತಸ್ತಿಗಿಂತ ಮೇಲೆ ಬೇಡ. ಕೆಲಸದವರ ಮೆಟ್ಟಿಲು ಹತ್ತಿರ ಇರಲಿ. ಬಾಗಿಲಿಗೆ ಒಳಗಡೆ ಚಿಲಕ ಇಲ್ಲದಿದ್ದರೆ ಒಳ್ಳೆಯದು, ಚಿಲಕಗಳು ಸಿಕ್ಕಿಹಾಕಿಕೊಳ್ಳುತ್ತವೆ. ಗೋಡೆ ತೆಳ್ಳಗಿದ್ದರೂ ಪರವಾಗಿಲ್ಲ, ಅಕ್ಕಪಕ್ಕದಲ್ಲಿ ಜನ ಇರಬೇಕು.

ಉತ್ತರವನ್ನು ಕೆಳಮನೆಯ ಕೊವಾಲ್ಕೆ ಅಮ್ಮನ ಹೆಸರಿಗೆ ಬರೆ. ನಮ್ಮ ಅಂಚೆಪೆಟ್ಟಿಗೆ ಕೆಟ್ಟಿದೆ.

ನಿನ್ನ ತಂಗಿ,
ಅಫ್ರಾ

*

ಹಿಂಟರ್‌ಮೋಸ್, ಟಿರೋಲ್
೧೭ ಸೆಪ್ಟೆಂಬರ್, ಭಾನುವಾರ, ಪೂಜೆ ಮುಗಿದ ಮೇಲೆ

ಅಫ್ರಾ,

ಯೇಸುಕ್ರಿಸ್ತರಿಗೆ ಸ್ತುತಿಯಾಗಲಿ. ಬದುಕಿದ್ದೀಯ ಅಂತ ತಿಳಿಯಿತು, ಸಂತೋಷ.

ಕೊನೆಗೆ ಬೈ ಅಂದೆ. ನನಗೆ ಅಷ್ಟು ತಾಳ್ಮೆ ಇಲ್ಲ, ಮೊದಲೇ ಬಯ್ಯುತ್ತೇನೆ. ಅಮ್ಮನನ್ನು ಮಣ್ಣು ಮಾಡುವ ದಿನ ಎಲ್ಲರೂ ಕೇಳಿದರು, "ಚಿಕ್ಕವಳೆಲ್ಲಿ?" "ಹಲ್ಲುನೋವಂತೆ" ಅಂದೆ. ನನಗೇ ನಾಚಿಕೆಯಾಯಿತು. ಹೆತ್ತವಳ ಪೆಟ್ಟಿಗೆ ಹೊರುವ ದಿನ ಹಲ್ಲುನೋವು! ಈಗ ಹಲ್ಲು ವಾಸಿಯಾಯಿತೇನೋ, ಜಾರುಬಂಡೆ ಆಡೋಕೆ ಬರ್ತೀಯ.

ಹೋಟೆಲಿನ ಸಂಗತಿ. ನಾವು ಹುಲ್ಲು ಕುಯ್ಯುತ್ತಿದ್ದ ಅಪ್ಪನ ಇಳಿಜಾರಿನಲ್ಲಿ ಈಗ ಈಜುಕೊಳ ಇದೆ. ನಾನು ಬಟ್ಟೆ ಕೋಣೆಯ ಮೇಸ್ತ್ರಿ. ನನ್ನ ಕೈಕೆಳಗೆ ಹದಿನಾಲ್ಕು ಹುಡುಗಿಯರು, ದಿನಕ್ಕೆ ಆರುನೂರು ಹಾಸು. ಯಾವ ಅತಿಥಿ ಎಂಥವನು ಅಂತ ನಾನು ಮುಖ ನೋಡಿ ಹೇಳುವುದಿಲ್ಲ, ಹಾಸು ನೋಡಿ ಹೇಳುತ್ತೇನೆ. ಹೋದ ವರ್ಷ ಒಬ್ಬ ಬ್ಯಾಂಕಿನ ದೊಡ್ಡ ಮನುಷ್ಯ ಕರಗಿದ ಚೀಸನ್ನು ಹಾಸಿಗೆಯಲ್ಲೇ ಕೂತು ತಿಂದು ದಿಂಬಿಗೆ ಕೈ ಒರೆಸಿದ್ದ.

ನಿನ್ನ ಪಟ್ಟಿ ನೋಡಿ ನಗು ಬಂತು. ಇಲ್ಲಿಗೆ ಬರುವವರೆಲ್ಲ ಬಾಲ್ಕನಿಗೆ ಜಗಳ ಆಡುತ್ತಾರೆ. ಬೇಡ ಅಂದ ಮೊದಲ ಮಹಾರಾಣಿ ನೀನೇ. ಕೆಲಸದವರ ಮೆಟ್ಟಿಲು ಹತ್ತಿರ ಬೇಕಂತೆ! ಬೆಳಿಗ್ಗೆ ಐದಕ್ಕೆ ನಮ್ಮ ಬಕೆಟ್ ಸದ್ದು ಕೇಳಬೇಕೇನು?

ಡಿಸೆಂಬರ್ ಮೊದಲ ವಾರ ಬೇಡ, ಕ್ರಿಸ್ಮಸ್ ಆದ ಮೇಲೆ ಬನ್ನಿ. ಐದನೇ ತಾರೀಖು ಕ್ರಾಂಪುಸ್ ಸಂಜೆ, ಕೊಂಬಿನ ದೆವ್ವದ ವೇಷದವರು ಸಂತ ನಿಕೊಲಾಸರ ಹಿಂದೆ ಗಂಟೆ ಕಟ್ಟಿಕೊಂಡು ಕಡ್ಡಿಕಟ್ಟು ಬೀಸುತ್ತ ಬೀದಿಗಿಳಿಯುವ ದಿನ. ಚಿಕ್ಕವಳಿದ್ದಾಗ ಆ ಗಂಟೆ ಸದ್ದಿಗೆ ಮೇಜಿನ ಕೆಳಗೆ ಉಚ್ಚೆ ಹೊಯ್ದುಕೊಳ್ಳುತ್ತಿದ್ದವಳು ನೀನು. ಈಗ ನಮ್ಮ ಮ್ಯಾನೇಜರು ಅದನ್ನೂ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದಾನೆ. ಅತಿಥಿಗಳು ಬಾಡಿಗೆಗೆ ಆಡಿನ ತೊಗಲು, ಕೊಂಬಿನ ಮುಖವಾಡ ತೊಟ್ಟು ನಮ್ಮ ಗಂಡಸರ ಜೊತೆ ಕುಣಿಯಬಹುದಂತೆ. ಮುಖವಾಡ ಕೆತ್ತುವ ಕಾಸಿಯನ್ ಗೊತ್ತಲ್ಲ, ತಂಡದ ಯಜಮಾನ, ಕೇಳಿ ಉಗಿದ. "ಸ್ವಾಮಿ, ಮುಖವಾಡ ಹಾಕಿದವನಿಗೆ ಹೆಸರಿಲ್ಲ. ಅವನು ಹೊಡೆದರೆ ಕೇಳೋ ಹಾಗಿಲ್ಲ, ಅವನ ಮೇಲೆ ಯಾರೂ ಕೈ ಹಾಕೋ ಹಾಗಿಲ್ಲ. ಸಂತ ನಿಕೊಲಾಸರ ಕೋಲು ಮೂರು ಸಲ ನೆಲಕ್ಕೆ ಕುಟ್ಟಿದ ಮೇಲೇ ನಿಲ್ಲಿಸಬೇಕು. ಇದನ್ನ ಊರು ಗೊತ್ತಿಲ್ಲದವನ ಕೈಗೆ ಕೊಡ್ತೀರಾ?" ಅಂದ. ಮ್ಯಾನೇಜರು, "ತುಂಬಾ ಚೆನ್ನಾಗಿದೆ, ಇದನ್ನೂ ಪುಸ್ತಕದಲ್ಲಿ ಹಾಕೋಣ" ಅಂದ.

ಅಂಚೆಪೆಟ್ಟಿಗೆ ರಿಪೇರಿ ಮಾಡಿಸು. ಅಷ್ಟು ದೊಡ್ಡ ಟೈಲ್ಸ್ ವ್ಯಾಪಾರಿಯ ಮನೆ.

ಬುರ್ಗಾ

*

ಎಸ್ಸೆನ್, ೨ ಅಕ್ಟೋಬರ್

ಅಕ್ಕಾ,

ಬೈದದ್ದು ಸರಿ. ಹಲ್ಲುನೋವು ಅಂತ ಬರೆದದ್ದು ನಾನೇ, ನೀನು ಇನ್ನೇನು ಅಂದುಕೊಳ್ಳುತ್ತೀ.

ತಾರೀಖು ಬದಲಾಗುವುದಿಲ್ಲ. ಅವರಿಗೆ ಕ್ರಾಂಪುಸ್ ಪುಟ ಬಹಳ ಹಿಡಿಸಿದೆ, ಎರಡು ಸಲ ಓದಿಸಿಕೊಂಡರು. ಡಿಸೆಂಬರ್ ನಾಲ್ಕಕ್ಕೆ ಬರುತ್ತೇವೆ. ರಜೆಗೆಂದೇ ಅವರು ಕಾಡುಮೇಕೆ ಕೂದಲಿನ ಜುಟ್ಟಿರುವ ಹಸಿರು ಟೊಪ್ಪಿ ಕೊಂಡಿದ್ದಾರೆ. ಮನೆಯೊಳಗೂ ಹಾಕಿಕೊಂಡು ಓಡಾಡುತ್ತಾರೆ. ನನಗೆ ತುಪ್ಪಳದ ಕೋಟು ಕೊಡಿಸಿದರು, ಬೆರಳ ತುದಿವರೆಗೆ ತೋಳು. ಅವರಿಗೆ ಒಳ್ಳೆಯ ಗಳಿಗೆ ಬಂದರೆ ಕೈ ಬಹಳ ಧಾರಾಳ.

ಒಂದು ಕೇಳಬೇಕಿತ್ತು. ನೀನು ಬಟ್ಟೆಯವಳು. ನನಗೆ ಮೂಗಿನಿಂದ ರಕ್ತ ಬರುತ್ತದೆ, ಒಣಹವೆಗೆ. ಗರಿದಿಂಬಿಗೆ ಇಳಿದ ಕಲೆ ಹೇಗೆ ತೆಗೆಯುವುದು? ಬಿಸಿನೀರು ಹಾಕಿದೆ, ಕಂದಾಗಿ ನಿಂತುಬಿಟ್ಟಿತು.

ಕೋಣೆ ಮರೆಯಬೇಡ.

ಅಫ್ರಾ

*

ಹಿಂಟರ್‌ಮೋಸ್, ೧೧ ಅಕ್ಟೋಬರ್

ಅಫ್ರಾ,

ರಕ್ತಕ್ಕೆ ಬಿಸಿನೀರು ಹಾಕುವವಳು ನಮ್ಮಮ್ಮನ ಮಗಳಾ? ತಣ್ಣೀರು, ಒಂದು ಹಿಡಿ ಉಪ್ಪು, ರಾತ್ರಿಯಿಡೀ ನೆನೆಸು. ಉಜ್ಜಬೇಡ, ಒತ್ತು. ಹಳೆಯದಾದರೆ ನಿನ್ನದೇ ಎಂಜಲು ಹಚ್ಚು. ಅವರವರ ರಕ್ತಕ್ಕೆ ಅವರವರ ಎಂಜಲೇ ಮದ್ದು, ಇದು ನನ್ನ ಹುಡುಗಿಯರಿಗೆ ಮೊದಲ ದಿನದ ಪಾಠ.

ನಿನ್ನ ಹುಚ್ಚು ಪಟ್ಟಿಗೆ ನಾನು ಸೊಪ್ಪು ಹಾಕಿಲ್ಲ. ನಾಲ್ಕನೇ ಅಂತಸ್ತಿನಲ್ಲಿ ೪೧೬ ಹಿಡಿದಿದ್ದೇನೆ. ಮೂಲೆ ಕೋಣೆ, ಮೂರು ಮೊಳ ಅಗಲದ ಬಾಲ್ಕನಿ, ಕೆಳಗೆ ನೋಡಿದರೆ ಕಣಿವೆ ಪೂರ್ತಿ. ಪಕ್ಕದ ಕೋಣೆ ಖಾಲಿ ಇರುತ್ತದೆ, ಯಾರ ಗಲಾಟೆಯೂ ಇಲ್ಲ. ಬಂದ ಮೇಲೆ ಅಕ್ಕನಿಗೆ ಮುತ್ತು ಕೊಡುತ್ತೀ.

ಬುರ್ಗಾ

*

ಎಸ್ಸೆನ್, ೨೦ ಅಕ್ಟೋಬರ್

ಅಕ್ಕಾ, ದಮ್ಮಯ್ಯ, ೪೧೬ ಬೇಡ. ಬದಲಾಯಿಸು. ನನಗೆ ಎತ್ತರಕ್ಕೆ ತಲೆ ಸುತ್ತುತ್ತದೆ.

ದಿಂಬು ಬೆಳ್ಳಗಾಯಿತು, ಉಪ್ಪು ಕೆಲಸ ಮಾಡಿತು. ಗೋಡೆಗೆ ಅಂಟಿಸಿದ ಹೂವಿನ ಕಾಗದಕ್ಕೆ ಏನು ಮಾಡಬೇಕು? ಮಂಚದ ಪಕ್ಕದಲ್ಲಿ, ನಿಂತರೆ ನನ್ನ ತಲೆಯ ಎತ್ತರಕ್ಕೆ ಇದೆ. ಉಪ್ಪುನೀರು ಹಾಕಿದರೆ ಕಾಗದವೇ ಏಳುತ್ತದೆ. ಅವರು ಬರುವುದರೊಳಗೆ ಕಲೆ ಹೋಗಬೇಕು, ಕಂಡರೆ ಅವರಿಗೆ ಬೇಜಾರಾಗುತ್ತದೆ.

ಅಫ್ರಾ

*

ಹಿಂಟರ್‌ಮೋಸ್, ೨ ನವೆಂಬರ್, ಸತ್ತವರ ಸ್ಮರಣೆಯ ದಿನ

ನನ್ನ ಅಫ್ರಾ,

ನಿನ್ನ ಕಾಗದವನ್ನು ಅಮ್ಮನ ಸಮಾಧಿ ಹತ್ತಿರ ಒಯ್ದು ಮತ್ತೆ ಓದಿದೆ. ದೀಪ ಹಚ್ಚೋಕೆ ಮೂರು ಕಡ್ಡಿ ಹಾಳಾಯಿತು.

ಮೂಗಿನ ರಕ್ತ ದಿಂಬಿಗೆ ಇಳಿಯುತ್ತದೆ. ಗೋಡೆಗೆ ಹಾರುವುದಿಲ್ಲ.

ಮೂವತ್ತು ವರ್ಷದಿಂದ ಹಾಸು ಓದುವವಳು ನಾನು, ಸ್ವಂತ ತಂಗಿಯ ಕಾಗದ ಓದಲಾಗಲಿಲ್ಲ. ಒಂಬತ್ತು ವರ್ಷಕ್ಕೇ ಕಳೆದುಹೋದ ಆಡು ತರಲು ಬರಿಗಾಲಲ್ಲಿ ಸೈತಾನನ ಅಂಚು ಹತ್ತಿದವಳಿಗೆ ಎತ್ತರಕ್ಕೆ ತಲೆ ಸುತ್ತುತ್ತದಂತೆ. ನಿನ್ನನ್ನು ಯಾವ ಕಿಟಕಿಯಿಂದ ನೇತುಹಾಕಿದ್ದ, ಹೇಳು. ಯಾವ ಚಿಲಕ ಹಾಕಿಕೊಂಡು ಹೊಡೆದ? ಕೊವಾಲ್ಕೆ ಅಮ್ಮನ ಅಂಚೆಪೆಟ್ಟಿಗೆ ಯಾಕೆ ಅಂತಲೂ ಈಗ ತಿಳಿಯಿತು. ಮತ್ತೆ ಆ ಹಲ್ಲುನೋವು. ಅಮ್ಮನ ಸಮಾಧಿ ಮುಂದೆ ನಿಂತು ಕೇಳುತ್ತಿದ್ದೇನೆ, ಅದು ಹಲ್ಲಲ್ಲ ತಾನೆ?

ಕೋಣೆ ಬದಲಾಯಿಸಿದ್ದೇನೆ. ೧೦೯. ಬಾಲ್ಕನಿ ಇಲ್ಲ, ಪಕ್ಕದಲ್ಲೇ ನನ್ನ ಬಟ್ಟೆ ಕೋಣೆ. ಚಿಲಕವನ್ನು ನಾನೇ ಸ್ಕ್ರೂ ತಿರುಗಿಸಿ ಬಿಚ್ಚಿ ಜೇಬಿಗೆ ಹಾಕಿಕೊಂಡೆ.

ಇನ್ನೊಂದು. ಕಾಸಿಯನ್ ಹತ್ತಿರ ಮಾತಾಡಿದ್ದೇನೆ. "ಹಸಿರು ಟೊಪ್ಪಿ, ಕಾಡುಮೇಕೆ ಜುಟ್ಟು, ಎಸ್ಸೆನ್‌ನವನು" ಅಂದೆ. ಅವನು ಉಳಿ ಕೆಳಗಿಡದೆಯೇ, "ಎಷ್ಟು?" ಅಂದ. "ಮೂಳೆ ಮುರೀಬೇಡಿ, ಮಲಗಿದರೆ ಮಗ್ಗುಲು ಬದಲಾಯಿಸೋಕೆ ಆಗಬಾರದು" ಅಂದೆ. ಹನ್ನೆರಡು ಜನ ಇದ್ದಾರೆ, ಮುಖವಾಡಕ್ಕೆ ಹೆಸರಿಲ್ಲ, ಪೊಲೀಸಿನವನೂ ನಮ್ಮೂರವನೇ. ಐದನೇ ಸಂಜೆ ಅವನು ಚೌಕದ ಕಾರಂಜಿ ಹತ್ತಿರ ನಿಲ್ಲುವ ಹಾಗೆ ಮಾಡು, ಸಾಕು.

ಪಾಪನಿವೇದನೆಯಲ್ಲಿ ಫಾದರಿಗೂ ಹೇಳಿದೆ. "ಸೇಡು ದೇವರದು, ಬುರ್ಗಾ" ಅಂದರು. "ಹೌದು ಫಾದರ್, ಆದರೆ ಆತ ಇಲ್ಲಿ ಯಾರ ಕೈಯಿಂದ ಮಾಡಿಸ್ತಾನೆ?" ಅಂದೆ. ಐದು ಜಪಸರ ಹೇಳು ಅಂದರು.

ನಿನ್ನ ಅಕ್ಕ

*

ಎಸ್ಸೆನ್, ೧೪ ನವೆಂಬರ್

ಅಕ್ಕಾ,

ಬೇಡ. ಕಾಸಿಯನ್‌ಗೆ ಬೇಡ ಅಂತ ಹೇಳು, ಇವತ್ತೇ ಹೇಳು. ಕಾಸಿಯನ್ ತಂಡದವರು ಇವರನ್ನು ಹೊಡೆದು ಮನೆಗೆ ಹೋಗುತ್ತಾರೆ. ಆಮೇಲೆ ಇವರು ಯಾರ ಜೊತೆ ಕೋಣೆಗೆ ಬರುತ್ತಾರೆ? ಯೋಚನೆ ಮಾಡಿದೆಯಾ? ಬಿದ್ದ ಪೆಟ್ಟೆಲ್ಲ ಅವರು ನೆನಪಿಟ್ಟುಕೊಂಡು ನನಗೇ ವಾಪಸು ಕೊಡುತ್ತಾರೆ, ಬಡ್ಡಿ ಸೇರಿಸಿ.

ನಿನಗೆ ಏನೂ ಅರ್ಥವಾಗಲಿಲ್ಲ. ಈ ರಜೆ ಅವರ ಆಲೋಚನೆ ಅಲ್ಲ, ನನ್ನದು. ಪುಸ್ತಕ ತರಿಸಿದವಳು ನಾನು. ಅವರ ಕುರ್ಚಿ ಪಕ್ಕ ಇಟ್ಟವಳು ನಾನು. ಹೋಟೆಲಿನಲ್ಲಿ ಜನ ಇರುತ್ತಾರೆ, ಗೋಡೆ ತೆಳ್ಳಗೆ, ಹುಡುಗಿಯರು ಯಾವಾಗ ಬೇಕಾದರೂ ಟವೆಲು ಹಿಡಿದು ಒಳಗೆ ಬರುತ್ತಾರೆ. ಅವರಿಗೆ ಮರ್ಯಾದೆ ಮುಖ್ಯ, ನಾಲ್ಕು ಜನರ ಎದುರು ಬೆರಳೂ ಎತ್ತುವುದಿಲ್ಲ. ನನಗೆ ಹತ್ತು ದಿನ ಬೇಕು. ಹದಿನಾರು ವರ್ಷದಲ್ಲಿ ಹತ್ತು ದಿನ. ಬೆಳಿಗ್ಗೆ ಎದ್ದು ಎಲ್ಲಿ ನೋಯುತ್ತದೆ ಅಂತ ಮುಟ್ಟಿ ನೋಡಿಕೊಳ್ಳದ ಹತ್ತು ದಿನ. ಅದನ್ನು ಕೆಡಿಸಬೇಡ.

ಹೌದು, ಅದು ಹಲ್ಲಲ್ಲ, ದವಡೆ. ಅಮ್ಮ ಹೋದ ಟೆಲಿಗ್ರಾಂ ಬಂದಾಗ ಅತ್ತೆ. ಅಳು ನಿಲ್ಲಿಸು ಅಂದರು. ನಿಲ್ಲಲಿಲ್ಲ.

ಅಫ್ರಾ

*

ಹಿಂಟರ್‌ಮೋಸ್, ೨೨ ನವೆಂಬರ್

ಅಫ್ರಾ,

ಆಯಿತು. ಕಾಸಿಯನ್‌ಗೆ ಬೇಡ ಅಂತ ಹೇಳುತ್ತೇನೆ.

ಹತ್ತು ದಿನ ನಿನ್ನ ಕೋಣೆಗೆ ಗಂಟೆಗೊಮ್ಮೆ ಟವೆಲು ಬರುತ್ತದೆ. ನಿನ್ನ ಯಜಮಾನ ಗೊಣಗಿದರೆ, "ಇದು ನಮ್ಮ ಹೋಟೆಲಿನ ಪದ್ಧತಿ ಸ್ವಾಮಿ" ಅಂತ ನನ್ನ ಹುಡುಗಿಯರು ಹಲ್ಲು ಕಿರಿಯುತ್ತಾರೆ.

ಕ್ರಾಂಪುಸ್ ಸಂಜೆ ಹೊರಗೆ ಬಂದರೆ ಹೆದರಬೇಡ. ಕಾಲಿಗೆ ಎರಡು ಏಟು ಬಿದ್ದರೆ ಎಲ್ಲ ಹೆಂಗಸರ ಹಾಗೆ ಜೋರಾಗಿ ಕಿರುಚು, ಬಿಟ್ಟುಬಿಡುತ್ತಾರೆ. ಹೆಂಗಸರು ಎಷ್ಟು ಕಿರುಚಿದರೆ ಅಷ್ಟು ಒಳ್ಳೆಯ ವರ್ಷ ಅಂತ ಅಜ್ಜಿ ಹೇಳುತ್ತಿದ್ದದ್ದು ನೆನಪಿದೆಯಲ್ಲ.

ಹಿಮ ವಿಪರೀತ ಬೀಳುತ್ತಿದೆ. ಕಣಿವೆ ರಸ್ತೆ ಎರಡು ಸಲ ಮುಚ್ಚಿತು. ದೇವಮಾತೆ ನಿನ್ನ ಜೊತೆಗಿರಲಿ.

ಬುರ್ಗಾ

*

ಎಸ್ಸೆನ್, ೧ ಡಿಸೆಂಬರ್

ಅಕ್ಕಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ಕೊವಾಲ್ಕೆ ಅಮ್ಮನ ಅಡುಗೆಮನೆಯಲ್ಲಿದ್ದೇನೆ.

ಅವರು ಹೋಟೆಲಿಗೆ ಫೋನು ಮಾಡಿ ಬಾಡಿಗೆಗೆ ತೊಗಲು, ಮುಖವಾಡ ಹೇಳಿಟ್ಟಿದ್ದಾರೆ. ದಿನಾ ಸಂಜೆ ಕನ್ನಡಿ ಮುಂದೆ ಬೆಲ್ಟು ಹಿಡಿದು ಅಭ್ಯಾಸ ಮಾಡುತ್ತಾರೆ. ನಗುತ್ತಾರೆ. ನಿನ್ನೆ ಅಂದರು, "ಮುಖವಾಡ ಹಾಕಿದವನನ್ನ ನಿಮ್ಮೂರಲ್ಲಿ ಯಾರೂ ಮುಟ್ಟಲ್ಲ ಅಲ್ವಾ? ನೀನೇ ಹೇಳಿದ್ದೆ." ಹೇಳಿದ್ದೆ ಅಕ್ಕಾ. ಮದುವೆಯಾದ ಹೊಸದರಲ್ಲಿ, ನಗಿಸೋಣ ಅಂತ, ಮೇಜಿನ ಕೆಳಗೆ ಉಚ್ಚೆ ಹೊಯ್ದುಕೊಂಡ ಕಥೆಯೆಲ್ಲ ಹೇಳಿದ್ದೆ.

"ನೀನು ಕಾರಂಜಿ ಹತ್ತಿರ ನಿಂತಿರು, ಹುಡುಕಿಸಬೇಡ" ಅಂದಿದ್ದಾರೆ.

ನಾಲ್ಕು ಜನರ ಎದುರು ಬೆರಳೆತ್ತುವುದಿಲ್ಲ ಅಂತ ಬರೆದಿದ್ದೆ. ಇದು ತೋಚಿರಲಿಲ್ಲ. ಈ ಕಾಗದ ನಮಗಿಂತ ಮೊದಲು ಬಂದರೆ ಏನಾದರೂ ಮಾಡು. ಏನು ಅಂತ ನನಗೆ ಗೊತ್ತಿಲ್ಲ.

ಅಫ್ರಾ

*

ಹಿಂಟರ್‌ಮೋಸ್, ೧೦ ಡಿಸೆಂಬರ್
(ಜಿಲ್ಲಾ ಆಸ್ಪತ್ರೆ, ಹೆಂಗಸರ ವಾರ್ಡು, ಮೂರನೇ ಹಾಸಿಗೆಯ ಅಫ್ರಾಗೆ)

ಅಫ್ರಾ,

ನೀನು ಒಂದನೇ ತಾರೀಖು ಬರೆದ ಕಾಗದ ನಿನ್ನೆ ಕೈಸೇರಿತು. ರಸ್ತೆ ಮುಚ್ಚಿ ಅಂಚೆ ಚೀಲ ಐದು ದಿನ ಕೆಳಗಿನ ಊರಲ್ಲೇ ಬಿದ್ದಿತ್ತು. ನೀವು ಮಾತ್ರ ಐದನೇ ತಾರೀಖು ಮಧ್ಯಾಹ್ನ ಹಿಮ ತಳ್ಳುವ ಗಾಡಿಯ ಹಿಂದೆಯೇ ಬಂದಿರಿ.

ನರ್ಸಮ್ಮ ಹೇಳಿದರು, ಆ ಸಂಜೆ ನಿನಗೆ ಪೂರ್ತಿ ನೆನಪಿಲ್ಲವಂತೆ, ಮತ್ತೆ ಮತ್ತೆ ಕೇಳುತ್ತೀಯಂತೆ. ಅದಕ್ಕೆ ಬರೆಯುತ್ತಿದ್ದೇನೆ. ಸುಳ್ಳು ಸೇರಿಸುವುದಿಲ್ಲ.

ಮೊದಲು ನನ್ನ ಸುಳ್ಳು. ಕಾಸಿಯನ್‌ಗೆ ಬೇಡ ಅಂತ ನಾನು ಹೇಳಲೇ ಇಲ್ಲ. ನಿನಗೆ ಹೇಳುತ್ತೇನೆ ಅಂತ ಬರೆದೆ, ಸುಮ್ಮನಿದ್ದೆ.

ರಿಸೆಪ್ಷನ್‌ನಲ್ಲಿ ನಿನ್ನನ್ನು ದೂರದಿಂದ ನೋಡಿದೆ. ಅವನು ನಿನ್ನ ಮೊಣಕೈ ಹಿಡಿದೇ ಇದ್ದ. ನೀನು ಕೈಗವಸಿನ ಎರಡು ಬೆರಳು ಎತ್ತಿ ನನಗೆ ಏನೋ ತೋರಿಸಿದೆ, ಕೊಂಬಿನ ಹಾಗೆ. ನಾನು ಪೆದ್ದಿ, ಚಿಕ್ಕಂದಿನ ಆಟ ನೆನಪಿಸಿದಳು ಅಂತ ನಕ್ಕು ನಾನೂ ಎರಡು ಬೆರಳು ಎತ್ತಿದೆ. ಅವನು ಹಸಿರು ಟೊಪ್ಪಿ ಹಾಕಿದ್ದ. ನೋಡಿ ಹೋಗಿ ಕಾಸಿಯನ್‌ಗೆ ಹೇಳಿದೆ.

ಐದು ಗಂಟೆಗೆ ಗಂಟೆಗಳು ಶುರುವಾದವು. ಚೌಕದ ತುಂಬ ಜನ, ಮುಕ್ಕಾಲು ಪಾಲು ಅತಿಥಿಗಳು, ಕೈಯಲ್ಲಿ ಬಿಸಿ ವೈನು. ಸಂತ ನಿಕೊಲಾಸರ ವೇಷ ಈ ವರ್ಷವೂ ಗಂಟೆ ಬಾರಿಸುವ ಮುದುಕ ಇಗ್ನಾಸ್‌ದೇ. ಕ್ರಾಂಪುಸ್‌ಗಳು ಸರಪಳಿ ಎಳೆದುಕೊಂಡು ಇಳಿದವು. ನಾನು ಇಗರ್ಜಿ ಮೆಟ್ಟಿಲ ಮೇಲೆ ನಿಂತು ಹಸಿರು ಟೊಪ್ಪಿ ಹುಡುಕುತ್ತಿದ್ದೆ. ಕಾಸಿಯನ್ ತಂಡದವರೂ ಹುಡುಕುತ್ತಿದ್ದರು. ಎಲ್ಲೂ ಇಲ್ಲ. ಕಾಸಿಯನ್ ನನ್ನ ಮುಂದೆ ಹಾದುಹೋಗುತ್ತ ಮುಖವಾಡದೊಳಗಿಂದಲೇ, "ಎಲ್ಲಿ ಬುರ್ಗಾ ನಿನ್ನ ಮೇಕೆ?" ಅಂದ.

ಕಾರಂಜಿ ಹತ್ತಿರ ಗುಂಪು ನಗುತ್ತಿತ್ತು. ಒಂದು ಕ್ರಾಂಪುಸ್ ಯಾರೋ ಹೆಂಗಸನ್ನು ಹಿಡಿದುಕೊಂಡು ಹೊಡೆಯುತ್ತಿತ್ತು. ಮ್ಯಾನೇಜರು ಫೋಟೋ ತೆಗೆಯುತ್ತಿದ್ದ. ಇಗ್ನಾಸನೂ ಗಡ್ಡ ಅಲ್ಲಾಡಿಸಿ ನಗುತ್ತಿದ್ದ. ನಾನೂ ನಕ್ಕೆ ಅಫ್ರಾ. ಇದನ್ನು ಬರೆಯದೆ ಬಿಡುವುದಿಲ್ಲ, ನಾನೂ ನಕ್ಕೆ.

ಆಮೇಲೆ ಕಿವಿ ಹೋಯಿತು ಅತ್ತ. ಚೌಕದ ತುಂಬ ಹೆಂಗಸರು ಕಿರುಚುತ್ತಿದ್ದಾರೆ, ಕಾರಂಜಿ ಹತ್ತಿರದವಳು ಕಿರುಚುತ್ತಿಲ್ಲ. ಕಡ್ಡಿಕಟ್ಟು ಬೀಳುವ ಸದ್ದು ಮಾತ್ರ. ಅದೂ ಕಾಲಿಗಲ್ಲ. ಕಡ್ಡಿಕಟ್ಟು ಮುರಿದಿತ್ತು, ಅವನು ಸರಪಳಿ ಸುತ್ತಿದ ಮುಷ್ಟಿಯಲ್ಲಿ ಹೊಡೆಯುತ್ತಿದ್ದ. ನೀನು ಎರಡು ಕೈಯಲ್ಲಿ ತಲೆ ಮುಚ್ಚಿಕೊಂಡು ಕಾರಂಜಿಯ ಕಲ್ಲಿಗೆ ಒರಗಿದ್ದೆ. ಬೆರಳ ಮೇಲೆ ಬಿತ್ತು. ಬಿದ್ದ ಮೇಲೂ ನೀನು ಕೈ ತೆಗೆಯಲಿಲ್ಲ. ಪೆಟ್ಟು ಬರುವ ಮೊದಲೇ ಮೈ ತಿರುಗಿಸುತ್ತಿದ್ದೆ, ರೂಢಿಯಾದವರ ಹಾಗೆ. ಕಲ್ಲಿನ ಮೇಲಿನ ಹಿಮ ಕೆಂಪಾಗಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು, ಬಣ್ಣ ಅಂದುಕೊಂಡು.

ನಾನು ಇಗ್ನಾಸ್‌ಗೆ ಕೂಗಿದೆ, "ಕುಟ್ಟೋ ಮುದುಕಾ, ಕೋಲು ಕುಟ್ಟೋ!" ಅವನು, "ಇರು ಬುರ್ಗಾ, ದುಡ್ಡು ಕೊಟ್ಟು ವೇಷ ಹಾಕವ್ನೆ, ಒಂಚೂರು ಆಡ್ಲಿ" ಅಂದ.

ನಾನು ಮೆಟ್ಟಿಲಿಳಿದು ಹೋದೆ. ಹೋಟೆಲಿನ ಹೊಸ ತೊಗಲು ಅದು, ಆಡಿನ ವಾಸನೆ ಇಲ್ಲ, ನನ್ನದೇ ಬಟ್ಟೆ ಕೋಣೆಯ ಸೋಪಿನ ವಾಸನೆ. ಎರಡೂ ಕೊಂಬು ಹಿಡಿದು ಎಳೆದೆ.

ನಮ್ಮೂರಲ್ಲಿ ಯಾರೂ ಮಾಡದ ಕೆಲಸ. ಗಂಟೆ, ಸರಪಳಿ, ಎಲ್ಲ ನಿಂತುಹೋಯಿತು. ಮುಖ ಹೊರಗೆ ಬಂತು, ಬೆವರಿತ್ತು, ನಗುತ್ತಿತ್ತು. ನನ್ನನ್ನು ನೋಡಿ, "ಏಯ್, ಯಾರು ನೀನು? ಇವಳು ನನ್ನ ಹೆಂಡತಿ" ಅಂದ.

ಅಷ್ಟು ಜನರ ಎದುರು, ತನ್ನ ಬಾಯಿಂದ ಅಂದ.

ಮುಖವಾಡ ನನ್ನ ಕೈಯಲ್ಲೇ ಇತ್ತು. ಗಟ್ಟಿ ಪೈನ್ ಮರ, ಟಗರಿನ ಕೊಂಬು, ಒಂದು ಕುರಿಮರಿಯಷ್ಟು ಭಾರ. ಅದರಲ್ಲೇ ಹೊಡೆದೆ. ದವಡೆಗೆ. ನಿನ್ನದು ಯಾವ ಕಡೆ ಮುರಿದಿತ್ತೋ ಗೊತ್ತಿರಲಿಲ್ಲ, ನಾನು ಎಡಕ್ಕೆ ಹೊಡೆದೆ. ಒಣಕಟ್ಟಿಗೆ ಸೀಳಿದ ಸದ್ದು ಬಂತು. ಅವನು ಮಂಡಿಯೂರಿದ.

ಕಾಸಿಯನ್ ಬಂದು ನೋಡಿದ. ಮೆಲ್ಲಗೆ ಕೇಳಿದ, "ಇವನೇನಾ?" "ಇವನೇ" ಅಂದೆ. "ಈಗ ಇವನಿಗೆ ಹೆಸರಿದೆ" ಅಂದ. ಮುಖವಾಡ ಹಾಕಿದ ತಮಗಿಲ್ಲ ಅಂತ ಅರ್ಥ. ಹನ್ನೆರಡು ಜನ ಸುತ್ತುಗಟ್ಟಿದರು. ನಾನು ನಿನ್ನನ್ನು ಎತ್ತಿ ನನ್ನ ಎಪ್ರನ್‌ನಲ್ಲಿ ಮುಖ ಮುಚ್ಚಿದೆ. ನೀನು ನೋಡಲಿಲ್ಲ. ನಾನು ನೋಡಿದೆ. ಮೊದಲು ಕಡ್ಡಿ, ಆಮೇಲೆ ದನದ ಗಂಟೆ, ಆಮೇಲೆ ಬೂಟು. ನಿನ್ನನ್ನು ಹೊಡೆದ ಬಲಗೈಯನ್ನು ಇಬ್ಬರು ಕಾರಂಜಿ ಕಲ್ಲಿನ ಮೇಲೆ ಹಿಡಿದಿಟ್ಟರು, ಮೂರನೆಯವನು ಮಾಡಬೇಕಾದ್ದು ಮಾಡಿದ. ಅವನು ಕಿರುಚಿದ. ಬಹಳ ಚೆನ್ನಾಗಿ ಕಿರುಚುತ್ತಾನೆ ನಿನ್ನ ಗಂಡ.

ಇಗ್ನಾಸ್ ಕೋಲು ಎತ್ತಿ ಹಿಡಿದು ನನ್ನ ಮುಖ ನೋಡಿದ. ಈಗ ನಗುತ್ತಿರಲಿಲ್ಲ, ಗಡ್ಡ ಒದ್ದೆಯಾಗಿತ್ತು. ನಾನು ತಲೆಯಾಡಿಸಿದರೆ ಕುಟ್ಟುತ್ತಿದ್ದ. ಜೇಬಿನಲ್ಲಿ ಜಪಸರ ಇತ್ತು, ನಿನ್ನ ಕೋಣೆಯ ಚಿಲಕದ ಜೊತೆ ಸಿಕ್ಕಿಕೊಂಡು. ನಾನು ಹತ್ತು ಮಣಿ ನಮೋ ಮರಿಯಾ ಹೇಳಿದೆ. ಅವಸರ ಮಾಡಲಿಲ್ಲ. ಹತ್ತು ಮುಗಿದ ಮೇಲೆ ತಲೆಯಾಡಿಸಿದೆ. ಕೋಲು ಮೂರು ಸಲ ಕುಟ್ಟಿತು. ಎಲ್ಲರೂ ಹಿಂದೆ ಸರಿದರು.

ಪೊಲೀಸಿನವನು ಬರೆದುಕೊಂಡ: ದವಡೆ, ನಾಲ್ಕು ಪಕ್ಕೆಲುಬು, ಬಲಗೈ, ಕ್ರಾಂಪುಸ್ ಸಂಜೆಯ ಅಪಘಾತ. "ಮುಖವಾಡ ತೆಗೆದವಳು ನಾನು, ಮೊದಲು ಹೊಡೆದವಳೂ ನಾನು, ನನಗೆ ಹೆಸರಿದೆ, ಬರ್ಕೋ" ಅಂದೆ. "ಪೆನ್ನು ಹೆಪ್ಪುಗಟ್ಟಿದೆ ಬುರ್ಗಾ ಅತ್ತೆ" ಅಂದು ಹೋದ.

ಹೋಟೆಲಿನವರು ಕೆಲಸದಿಂದ ತೆಗೆದರು. ಊರಿನವರೂ ಸುಮ್ಮನೆ ಬಿಟ್ಟಿಲ್ಲ. ಮುಖವಾಡಕ್ಕೆ ಕೈ ಹಾಕಿದ ತಪ್ಪಿಗೆ ಏಳು ವರ್ಷ ಆ ಸಂಜೆ ನಾನು ಬಾಗಿಲು ಹಾಕಿಕೊಂಡು ಮನೆಯೊಳಗಿರಬೇಕು. ಹೇಳೋಕೆ ಕಾಸಿಯನ್ನೇ ಬಂದ, ಒಂದು ಗಡ್ಡೆ ಚೀಸು ತಂದಿದ್ದ. "ನಿಯಮ ನಿಯಮವೇ" ಅಂದ. "ಹೌದಪ್ಪಾ" ಅಂದೆ.

ಫಾದರು ಪಾಪಕ್ಷಮೆ ಕೊಡುತ್ತಿಲ್ಲ, ಪಶ್ಚಾತ್ತಾಪ ಬರಲಿ ಅಂತಾರೆ. ಒಳಗೆ ಹುಡುಕಿದೆ. ಆ ತಾಯಿಯ ಹೆಸರನ್ನು ಏಟು ಎಣಿಸೋಕೆ ಬಳಸಿದೆ, ಅದಕ್ಕೆ ದುಃಖ ಇದೆ. ಹೊಡೆದದ್ದಕ್ಕೆ ಇನ್ನೂ ಹುಡುಕುತ್ತಿದ್ದೇನೆ.

ನೀನು ಯಾಕೆ ಕಿರುಚಲಿಲ್ಲ?

ಬುರ್ಗಾ

*

ಜಿಲ್ಲಾ ಆಸ್ಪತ್ರೆ, ೨೦ ಡಿಸೆಂಬರ್

ಅಕ್ಕಾ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೋಳಿ ಕೆದಕಿದ ಹಾಗಿದ್ದರೆ ಕ್ಷಮಿಸು. ಬಲಗೈಯ ಮೂರು ಬೆರಳಿಗೆ ತಂತಿ ಹಾಕಿದ್ದಾರೆ.

ನನ್ನದು ಬಲಗಡೆ ದವಡೆ. ನೀನು ಎಡಕ್ಕೆ ಹೊಡೆದೆ. ಇರಲಿ.

ಕಿರುಚಲಿಲ್ಲ ಯಾಕೆ ಅಂದರೆ, ಮೊದಲ ಸಲ ಹೊಡೆದಾಗ "ಕೆಳಮನೆಯವರಿಗೆ ಕೇಳುತ್ತೆ" ಅಂದಿದ್ದರು. ಆಮೇಲೆ ಪ್ರತಿ ಸಲ ಕೆಳಮನೆಯವರು ನೆನಪಾಗುತ್ತಿದ್ದರು. ಆಮೇಲೆ ಗಂಟಲಿಗೇ ದಾರಿ ಮರೆತುಹೋಯಿತು. ನೀನು ಕಿರುಚು ಅಂತ ಬರೆದದ್ದು ಕಾರಂಜಿ ಹತ್ತಿರ ನೆನಪಾಯಿತು, ಬಾಯಿ ತೆರೆದೆ ಕೂಡ. ಏನೂ ಬರಲಿಲ್ಲ.

ಅವರು ಎಸ್ಸೆನ್ ಆಸ್ಪತ್ರೆಯಲ್ಲಿದ್ದಾರೆ. ಮೊನ್ನೆ ಕಾಗದ ಬಂತು, ಯಾರ ಕೈಯಲ್ಲೋ ಬರೆಸಿದ್ದು. ಕ್ಷಮೆ ಕೇಳಿದ್ದಾರೆ. ಬಹಳ ಚೆನ್ನಾಗಿ ಕೇಳಿದ್ದಾರೆ, ಯಾವತ್ತಿನ ಹಾಗೆ. ಈಸ್ಟರ್‌ಗೆ ಮತ್ತೆ ಹಿಮದ ರಜೆಗೆ ಹೋಗೋಣವಂತೆ, ಸ್ವಿಟ್ಜರ್‌ಲ್ಯಾಂಡಿಗೆ, ನಿಮ್ಮದಕ್ಕಿಂತ ದೊಡ್ಡ ಹೋಟೆಲು. ನಾನ್ನೂರು ಕೋಣೆ. ಪುಸ್ತಕವನ್ನೂ ಕಳಿಸಿದ್ದಾರೆ. ಆರನೇ ಅಂತಸ್ತಿನಲ್ಲಿ ಬಿಸಿಲು ಬೀಳುವ ಬಾಲ್ಕನಿ ಇರುವ ಕೋಣೆಯ ಚಿತ್ರಕ್ಕೆ ಗುರುತು ಹಾಕಿದ್ದಾರೆ.

ಆ ಚಿತ್ರವನ್ನು ಇವತ್ತು ಪೂರ್ತಿ ದಿನ ನೋಡಿದೆ. ಬೈಯಬೇಡ. ಹದಿನಾರು ವರ್ಷ ಅಕ್ಕಾ. ನನಗೆ ಬೇರೆ ಏನೂ ಬರುವುದಿಲ್ಲ.

ಅಫ್ರಾ

*

ಹಿಂಟರ್‌ಮೋಸ್, ೨೭ ಡಿಸೆಂಬರ್

ಅಫ್ರಾ,

ಬೈಯುವುದಿಲ್ಲ. ಬಾ ಅಂತಲೂ ಹೇಳುವುದಿಲ್ಲ. ನಿನಗೆ ಕೇಳದೆ ನಾನು ಮಾಡಿದ ಏರ್ಪಾಡು ಒಂದು ಸಾಕು.

ಅವನು ಪುಸ್ತಕ ಕಳಿಸಿದ, ನಾನೂ ಒಂದು ಕಳಿಸುತ್ತೇನೆ. ಬಣ್ಣ ಇಲ್ಲ.

ಬುರ್ಗಾ ಹೋಟೆಲು. ಒಟ್ಟು ಕೋಣೆ ಒಂದೂವರೆ. ಲಿಫ್ಟ್ ಇಲ್ಲ, ಏಣಿ ಇದೆ. ಕಕ್ಕಸು ಅಂಗಳದಾಚೆ, ಹಿಮ ಬಿದ್ದ ದಿನ ಸನಿಕೆ ಹಿಡಿದು ಹೋಗಬೇಕು. ಈಜುಕೊಳದ ಬದಲು ತಗಡಿನ ತೊಟ್ಟಿ. ಕಿಟಕಿಯಿಂದ ಕಾಣುವುದು ಗ್ಲೆಚರ್‌ಹೋಫ್‌ನ ಕಸದ ಡಬ್ಬಗಳು. ಊಟಕ್ಕೆ ಬಾರ್ಲಿ ಗಂಜಿ, ಭಾನುವಾರ ಹಂದಿಮಾಂಸ, ಶುಕ್ರವಾರ ಏನೂ ಇಲ್ಲ. ಮಾಲೀಕಳು ಬಾಯಿಬಡುಕಿ, ಪಾಪಿ, ಪಾಪಕ್ಷಮೆಯೂ ಸಿಕ್ಕಿಲ್ಲ. ಹಾಸು ಮಾತ್ರ ಇಡೀ ಕಣಿವೆಯಲ್ಲೇ ಇಷ್ಟು ಬಿಳಿ ಎಲ್ಲೂ ಸಿಗದು.

ಕೋಣೆ ನಿನಗೆ ಹೇಗೆ ಬೇಕು ಅಂತ ಬರೆದರೆ ಹಾಗೆ ಮಾಡಿಸುತ್ತೇನೆ. ಈ ಸಲ ಪಟ್ಟಿ ನೋಡಿ ನಗುವುದಿಲ್ಲ.

ಬುರ್ಗಾ

*

ಜಿಲ್ಲಾ ಆಸ್ಪತ್ರೆ, ೬ ಜನವರಿ ೧೯೭೯, ಮೂರು ರಾಜರ ಹಬ್ಬ

ಬುರ್ಗಾ ಅಕ್ಕನಿಗೆ,

ಕೋಣೆ ಕಾದಿರಿಸಬೇಕು. ಒಬ್ಬಳಿಗೆ. ಎಷ್ಟು ದಿನ ಅಂತ ಕೇಳಬೇಡ, ಅಲ್ಲಿ ಖಾಲಿ ಬಿಡು.

ಹದಿನೈದಕ್ಕೆ ಬಿಡುತ್ತಾರಂತೆ. ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಅವನಿಗೆ ಬರೆದಿಲ್ಲ, ಬರೆಯುವುದೂ ಇಲ್ಲ. ಅವನ ಪುಸ್ತಕವನ್ನು ಪಕ್ಕದ ಹಾಸಿಗೆಯ ಮುದುಕಿಗೆ ಕೊಟ್ಟೆ, ಚಿತ್ರ ಕತ್ತರಿಸಿ ಮೊಮ್ಮಗುವಿಗೆ ಅಂಟಿಸಿಕೊಡುತ್ತಾಳಂತೆ. ಬಾಲ್ಕನಿ ಮೊದಲು ಕತ್ತರಿಸಿದಳು.

ನನ್ನ ಪಟ್ಟಿ ಒಂದೇ. ನೀನು ೧೦೯ರಿಂದ ಬಿಚ್ಚಿ ಜೇಬಿಗೆ ಹಾಕಿಕೊಂಡ ಚಿಲಕ ಇನ್ನೂ ನಿನ್ನ ಹತ್ತಿರ ಇದ್ದರೆ ನನ್ನ ಕೋಣೆಗೆ ಹಾಕಿಸು. ಒಳಗಡೆಗೆ. ಹಾಕುವುದು ತೆಗೆಯುವುದು ನಾನು.

ಇನ್ನೊಂದು ಹೇಳುವುದು ಮರೆತೆ. ನಿನ್ನೆ ಡಾಕ್ಟರು ಬೆರಳಿನ ತಂತಿ ಎಳೆದು ತೆಗೆದರು. ಮೂರನೆಯದು ಮೂಳೆಗೆ ಕಚ್ಚಿಕೊಂಡಿತ್ತು. ಎಳೆದಾಗ ಕಿರುಚಿದೆ ಅಕ್ಕಾ. ಎಲ್ಲಿಂದ ಬಂತೋ, ನನಗೇ ಗಾಬರಿಯಾಯಿತು. ಇಡೀ ವಾರ್ಡು ಎದ್ದು ಕೂತಿತು, ನರ್ಸಿನ ಕೈಯಲ್ಲಿದ್ದ ತಟ್ಟೆ ಬಿತ್ತು. ಮುದುಕಿ ಎದೆ ಹಿಡಿದುಕೊಂಡು, "ಏನ್ ತಾಯಿ ಇದು, ಕೆಳಗಿನವರಿಗೆಲ್ಲ ಕೇಳೋ ಹಾಗೆ!" ಅಂದಳು.

"ಕೇಳಲಿ" ಅಂದೆ.

ಅಫ್ರಾ